ನಾಲ್ಕನೇ ಪಿನ್ನು

ಕಳೆದ ಭಾನುವಾರ ಬೆಳಗ್ಗೆ ನಮ್ಮ ಮನೆಯ ನಡುಕೋಣೆಯಲ್ಲಿ ಉಗುರುಬಣ್ಣದ ವಾಸನೆ ಎದ್ದಿತು. ಮಗಳು ಯಾರದೋ ಹುಟ್ಟುಹಬ್ಬಕ್ಕೆ ಹೋಗಬೇಕೆಂದು ಕಾಲು ಚಾಚಿ ಕೂತು ಉಗುರಿಗೆ ಕೆಂಪು ಬಳಿಯುತ್ತಿದ್ದಳು. ಬೇರೆ ಅಪ್ಪಂದಿರಾಗಿದ್ದರೆ ಮಗಳು ಇಷ್ಟು ಬೇಗ ಬೆಳೆದುಬಿಟ್ಟಳಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರೇನೋ. ನಾನು ಗಡಿಯಾರ ನೋಡಿದೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಕೆಲಸಕ್ಕೆ ತಡವಾಯಿತು ಎಂದು ನನಗೆ ಇವತ್ತಿಗೂ ಗಾಬರಿಯಾಗುತ್ತದೆ. ಭಾನುವಾರ ಎಂದು ನೆನಪಾಗುವಷ್ಟರಲ್ಲಿ ಒಂದು ಕಾಲು ಚಪ್ಪಲಿಯೊಳಗಿತ್ತು.

ಎಂಜಿನಿಯರಿಗೂ ಉಗುರುಬಣ್ಣಕ್ಕೂ ಏನು ನಂಟು ಎಂದು ನೀವು ಕೇಳುವುದು ನ್ಯಾಯವೇ. ಒಂಬತ್ತು ವರ್ಷದ ಹಿಂದೆ ನಾನು ಗರುಡಾಚಾರ್‌ಪಾಳ್ಯದಲ್ಲಿ, ತಗಡಿನ ಸೂರಿನ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಮನೆಯ ಮೇಲಿನ ನೀರಿನ ಟ್ಯಾಂಕು ತುಂಬಿದಾಗ ಮೋಟಾರು ತಾನಾಗಿ ನಿಲ್ಲುವಂತೆ ಮಾಡುವ ಪೆಟ್ಟಿಗೆಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಅಕ್ಕಪಕ್ಕದ ಗಾಜಿನ ಕಟ್ಟಡಗಳಲ್ಲಿ ನನ್ನ ಜೊತೆಗೆ ಓದಿದವರು ಏಸಿಯಲ್ಲಿ ಕೂತು ನಡುಗುತ್ತಿದ್ದರು. ನಾನು ಶೆಡ್ಡಿನಲ್ಲಿ ಬೆವರುತ್ತ ಇದೇ ನಿಜವಾದ ಎಂಜಿನಿಯರಿಂಗು ಎಂದು ಬೀಗುತ್ತಿದ್ದೆ. ಪ್ರತಿ ಪೆಟ್ಟಿಗೆಯೊಳಗೂ ಅಂಗೈಯಗಲದ ಒಂದು ಬೋರ್ಡು, ಅದರ ನಡುವೆ ಕಡಲೆಬೇಳೆಯಷ್ಟು ಚಿಪ್ಪು. ಆ ಚಿಪ್ಪಿಗೆ ಹುಟ್ಟಿದಾಗ ಏನೂ ಗೊತ್ತಿರುವುದಿಲ್ಲ. ಏನು ಮಾಡಬೇಕೆಂದು ನಾವು ಬರೆದ ಪ್ರೋಗ್ರಾಮನ್ನು ಅದರೊಳಗೆ ಇಳಿಸಬೇಕು. ಹಾಗೆ ಇಳಿಸುವುದಕ್ಕೆ ಫ್ಲ್ಯಾಶ್ ಮಾಡುವುದು ಎನ್ನುತ್ತಾರೆ. ಪ್ರೋಗ್ರಾಮು ಬರೆಯುವವನು ನಾನು, ಫ್ಲ್ಯಾಶ್ ಮಾಡುವವರು ಸೆಲ್ವಿ ಅಕ್ಕ.

ಕಂಪ್ಯೂಟರಿಗೂ ಚಿಪ್ಪಿಗೂ ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸುವ ಒಂದು ಪುಟ್ಟ ಸಾಧನ ಬೇಕು. ಅದಕ್ಕೆ ಪ್ರೋಬ್ ಎಂದು ಹೆಸರು. ಅಂಗಡಿಯಲ್ಲಿ ಸಿಗುತ್ತದೆ. ಆದರೆ ನಾನು ಕೊಳ್ಳಲಿಲ್ಲ, ಮಾಡಿದೆ. ಎಲ್ಲೋ ದೂರದ ದೇಶದ ಯಾರೋ ಪುಣ್ಯಾತ್ಮರು ಅದರ ಪೂರಾ ನಕ್ಷೆಯನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಯಾರು ಬೇಕಾದರೂ ಮಾಡಿಕೊಳ್ಳಿ, ತಿದ್ದಿಕೊಳ್ಳಿ, ತಿದ್ದಿದ್ದನ್ನು ನಮಗೂ ತೋರಿಸಿ ಎಂದು ಬಿಟ್ಟಿದ್ದರು. ಬಿಡಿಭಾಗಗಳಿಗೆ ಶಿವಾಜಿನಗರದ ಗಲ್ಲಿಯೊಂದರಲ್ಲಿ ಹಳೇ ರೇಡಿಯೋ ಬಿಚ್ಚಿ ಮಾರುವ ಅಂಗಡಿಗೆ ಹೋದಾಗ, ಅಲ್ಲಿನ ಹಿರಿಯರು ನನ್ನ ಕೈಯಲ್ಲಿದ್ದ ನಕ್ಷೆ ನೋಡಿ, "ಯೆ ಮುಫತ್ ಮೆಂ ದಿಯೆ ಕತೆ? ಕೈಸೇ ಲೋಗಾಂ ಜೀ!" ಎಂದು ಬೆರಗಾದರು. ಬಿಟ್ಟಿ ಕೊಡುವ ಜನರೂ ಇದ್ದಾರಾ ಎಂದು ಅವರಿಗೆ ನಂಬಿಕೆಯೇ ಬರಲಿಲ್ಲ. ಆ ಪ್ರೋಬಿನ ಮೇಲೆ ನಾನು ಒಂದು ಹಲಗೆ, ಮೂರು ಸ್ಪ್ರಿಂಗ್ ಪಿನ್ನು, ಒಂದು ಹಿಡಿ ಸೇರಿಸಿ ಜಿಗ್ ಕಟ್ಟಿದೆ. ಬೋರ್ಡನ್ನು ಹಲಗೆಯ ಮೇಲಿಟ್ಟು ಹಿಡಿ ಒತ್ತಿದರೆ ಮೂರು ಪಿನ್ನುಗಳೂ ಬೋರ್ಡಿನ ಮೂರು ಲೋಹದ ಚುಕ್ಕೆಗಳನ್ನು ಮುಟ್ಟುತ್ತಿದ್ದವು. ತಂತಿ ಬೆಸೆಯುವ ಗೋಜಿಲ್ಲ. ಆ ಜಿಗ್ಗನ್ನು ವಾರವೆಲ್ಲ ಕಂಡಕಂಡವರಿಗೆ ತೋರಿಸಿದೆ.

ಸೆಲ್ವಿ ಅಕ್ಕ ಆಗ ಹಲಸೂರಿನಿಂದ ಬರುತ್ತಿದ್ದರು. ನಲವತ್ತೈದರ ಆಸುಪಾಸು, ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಜಿಗ್ಗಿನ ಹಿಡಿ ಒತ್ತಿದಾಗ ಬಳೆಗಳು ಮೊಣಕೈ ಕಡೆಗೆ ಸರಿದು, ಬಿಟ್ಟಾಗ ಮಣಿಕಟ್ಟಿಗೆ ಬಂದು ಬೀಳುತ್ತಿದ್ದವು. ನಾನು ತಲೆ ಎತ್ತದೆಯೇ ಬಳೆಯ ಸದ್ದಿನಲ್ಲಿ ಎಷ್ಟು ಬೋರ್ಡು ಆಯಿತೆಂದು ಲೆಕ್ಕ ಹಿಡಿಯುತ್ತಿದ್ದೆ. ಆದ ಪ್ರತಿ ಬೋರ್ಡಿನ ಮೂಲೆಗೂ ಅವರು ಸೀಸೆಯ ಕಡ್ಡಿಯಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಉಗುರುಬಣ್ಣದ ಚುಕ್ಕೆ. ಹಾಗೆ ಇಡಿ ಎಂದು ಯಾರೂ ಹೇಳಿರಲಿಲ್ಲ. "ಯಾರ್ ಮಾಡಿದ್ದು ಅಂತ ಗೊತ್ತಾಗ್ಬೇಕಲ್ಲ ತಂಬಿ. ಹೆಸರು ಬರೆಯಕ್ಕೆ ಜಾಗ ಎಲ್ಲಿದೆ?" ಅನ್ನುತ್ತಿದ್ದರು. ಒಂದು ದಿನ ನನ್ನ ಪ್ರೋಬಿಗೂ ಒಂದು ಚುಕ್ಕೆ ಇಟ್ಟುಬಿಟ್ಟರು, ದೃಷ್ಟಿಯಾಗದಿರಲಿ ಎಂದು.

ಈಗ ನನ್ನ ಬುದ್ಧಿವಂತಿಕೆಯ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆ ಕೆಲಸ ಮಾಡುವಾಗ ಮಿನುಗುವ ಒಂದು ಪುಟಾಣಿ ದೀಪ ಇದ್ದರೆ ಚೆಂದ ಎಂದು ನನಗೆ ಹೊಳೆಯಿತು. ಯಾರೂ ಕೇಳಿರಲಿಲ್ಲ. ಚಿಪ್ಪಿನ ಕಾಲುಗಳೆಲ್ಲ ಬೇರೆ ಕೆಲಸಕ್ಕೆ ಹೋಗಿದ್ದವು. ಉಳಿದಿದ್ದು ಒಂದೇ, ಪ್ರೋಬು ಮಾತಾಡುವ ಕಾಲು. ಒಮ್ಮೆ ಫ್ಲ್ಯಾಶ್ ಆದ ಮೇಲೆ ಅದಕ್ಕೇನು ಕೆಲಸ ಎಂದು ದೀಪವನ್ನು ಅದಕ್ಕೇ ಕಟ್ಟಿದೆ. ಅಂದರೆ ಪ್ರೋಗ್ರಾಮು ಎಚ್ಚರವಾದ ಕ್ಷಣದಲ್ಲೇ ಹೊರಗಿನವರ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನನ್ನ ಮೇಜಿನ ಪ್ರೋಬಿಗೆ ಮಾತ್ರ ನಾಲ್ಕನೇ ತಂತಿಯೊಂದಿತ್ತು. ಅದು ಚಿಪ್ಪನ್ನು ಏಳಗೊಡದೆ ಹಿಡಿದಿಡುವ ತಂತಿ. ಹಾಗಾಗಿ ನನ್ನ ಮೇಜಿನಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಖಾಲಿ ಚಿಪ್ಪಿಗೆ ಮೂರು ಪಿನ್ನು ಸಾಕಾಗುತ್ತಿತ್ತು, ಹಾಗಾಗಿ ಜಿಗ್ಗಿಗೆ ಮೂರೇ ಎಂದು ಉಳಿತಾಯ ಮಾಡಿದವನೂ ನಾನೇ.

ಇನ್ನೂರ ನಲವತ್ತು ಬೋರ್ಡುಗಳಿಗೆ ಸೆಲ್ವಿ ಅಕ್ಕನ ಚುಕ್ಕೆ ಬಿದ್ದ ಮೇಲೆ ಗಿರಾಕಿಯೊಬ್ಬರು, ಬೋರ್‌ವೆಲ್ಲಿನಲ್ಲಿ ನೀರಿಲ್ಲದಿದ್ದರೆ ಮೋಟಾರು ಇನ್ನೂ ಬೇಗ ನಿಲ್ಲಬೇಕು ಎಂದರು. ಸಣ್ಣ ಬದಲಾವಣೆ. ಪ್ರೋಗ್ರಾಮು ತಿದ್ದಿ ಎಲ್ಲವನ್ನೂ ಮತ್ತೆ ಫ್ಲ್ಯಾಶ್ ಮಾಡಬೇಕು. ಮೊದಲನೆಯ ಬೋರ್ಡು ಉತ್ತರ ಕೊಡಲಿಲ್ಲ. ಎರಡನೆಯದೂ ಇಲ್ಲ. ಹತ್ತು, ಇಪ್ಪತ್ತು, ಯಾವುದೂ ಇಲ್ಲ. ದೀಪಗಳು ಮಾತ್ರ ಚೆನ್ನಾಗಿ ಮಿನುಗುತ್ತಿದ್ದವು. ಯಜಮಾನರು ಬಂದರು. ಒಳ್ಳೆಯವರೇ, ಆದರೆ ಗೋಡೆಯ ಮೇಲೆ ತಾವೇ ಅಂಟಿಸಿದ ಸುರಕ್ಷತೆಯ ಪೋಸ್ಟರನ್ನು ಓದಿ ಓದಿ ತಲೆ ತುಂಬಿಕೊಂಡಿದ್ದರು. ಚುಕ್ಕೆ ನೋಡಿದರು, ಆಮೇಲೆ ಸೆಲ್ವಿ ಅಕ್ಕನ ಕೈ ನೋಡಿದರು.

"ಸ್ಟ್ಯಾಟಿಕ್ಕು ಕಣಮ್ಮ ಇದು. ಮೈಯಲ್ಲಿರೋ ಕರೆಂಟು. ಅದನ್ನ ಇಳಿಸೋ ಕೈಪಟ್ಟಿ ಹಾಕ್ಕೊಳ್ರೀ ಅಂದ್ರೆ ಬಳೆ ಅಡ್ಡ ಬರುತ್ತೆ ಅಂತೀರಿ. ನಿಮ್ ಕೈ ಮುಟ್ಟಿದ್ದೆಲ್ಲ ಸತ್ತಿದೆ ನೋಡಿ."

ಸೆಲ್ವಿ ಅಕ್ಕ ಎದ್ದರು. ನಲ್ಲಿಯ ಹತ್ತಿರ ಹೋಗಿ, ಸೋಪು ಹಚ್ಚಿ, ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು ಟಿಫಿನ್ ಡಬ್ಬಿಯ ಮುಚ್ಚಳದೊಳಗಿಟ್ಟರು. ವಾಪಸು ಬಂದು ಬೋಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಗ ನನಗೂ ಸ್ಟ್ಯಾಟಿಕ್ಕೇ ಇರಬೇಕು ಅನ್ನಿಸಿತ್ತು. ಇಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು.

ಮಾರನೆಯ ಬೆಳಗ್ಗೆ ಸತ್ತ ಬೋರ್ಡೊಂದನ್ನು ನನ್ನ ಮೇಜಿಗೆ ತಂದು ನಾಲ್ಕು ತಂತಿ ಬೆಸೆದೆ. ಪ್ರೋಗ್ರಾಮು ಸರಾಗವಾಗಿ ಇಳಿಯಿತು. ನಾಲ್ಕನೆಯ ತಂತಿ ಬಿಚ್ಚಿದೆ, ಇಳಿಯಲಿಲ್ಲ. ದೀಪ ನನ್ನನ್ನೇ ನೋಡಿ ಕಣ್ಣು ಮಿಟುಕಿಸಿತು. ಎಲ್ಲವೂ ಅರ್ಥವಾಯಿತು. ಎದುರಿಗೆ ಹತ್ತಡಿ ದೂರದಲ್ಲಿ ಸೆಲ್ವಿ ಅಕ್ಕ ಕೂತಿದ್ದರು. ಎದ್ದು ಹೋಗಿ ಯಜಮಾನರ ಮುಂದೆ ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ಆಗ ಮೂರು ತಿಂಗಳ ಮಗಳು, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಈ ಕಾರಣಗಳನ್ನು ಒಂಬತ್ತು ವರ್ಷದಲ್ಲಿ ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ ಅವು ಈಗ ಸವೆದುಹೋಗಿವೆ. ನಿಜ ಇಷ್ಟೇ: ನನಗೆ ಭಯವಾಯಿತು, ಸುಮ್ಮನಿದ್ದೆ.

ತಂತಿ ಬೆಸೆಯುವುದನ್ನು ಸೆಲ್ವಿ ಅಕ್ಕ ದೂರದಿಂದಲೇ ಗಮನಿಸುತ್ತಿದ್ದರು. ಎದ್ದು ಬಂದರು.

"ಆ ನಾಲ್ಕನೇದು ಏನ್ ಮಾಡುತ್ತೆ ತಂಬಿ?"

"ಚಿಪ್ಪು ಎಚ್ಚರ ಆಗದ ಹಾಗೆ ಹಿಡ್ಕೊಳುತ್ತೆ ಅಕ್ಕ. ಅದು ಏಳೋಕ್ ಮುಂಚೆ ನಾವು ಒಳಗೆ ಹೋಗ್ಬಿಡ್ಬೇಕು."

"ಮಗು ನಿದ್ದೇಲಿರೋವಾಗ ಬಾಯಿಗೆ ಔಷಧಿ ಹಾಕ್ತೀವಲ್ಲ, ಹಂಗೆ. ಅಷ್ಟಕ್ಕೆ ಬೆಸುಗೆ ಯಾಕೆ? ಚಿಮಟ ಸಾಕು."

ಅವರು ಬೋರ್ಡನ್ನು ಜಿಗ್ಗಿನಲ್ಲಿಟ್ಟು, ಚಿಮಟದ ಎರಡು ತುದಿಯನ್ನು, ನಾನು ನಾಲ್ಕನೇ ತಂತಿ ಬೆಸೆದಿದ್ದ ಲೋಹದ ಚುಕ್ಕೆಯ ಮೇಲೂ ಅದರ ಪಕ್ಕದ್ದರ ಮೇಲೂ ಇಟ್ಟು ಒತ್ತಿ ಹಿಡಿದರು. "ಒತ್ತು" ಎಂದರು. ನಾನು ಕೀಲಿ ಒತ್ತಿದೆ. ಅದರ ಸದ್ದು ಕೇಳಿದೊಡನೆ ಚಿಮಟ ಎತ್ತಿದರು. ಎರಡು ಸಲ ತಪ್ಪಿತು. ಮೂರನೆಯ ಸಲ ಪ್ರೋಬಿನ ಹಸಿರು ದೀಪ ಹತ್ತಿಕೊಂಡಿತು. ಕಣ್ಣುರೆಪ್ಪೆ ಬಡಿಯುವಷ್ಟು ಸಮಯದ ಆಟ ಅದು. ನಾನು ಮಾಡಿ ನೋಡಿದಾಗ ಹತ್ತಕ್ಕೊಂದು ಸಿಕ್ಕರೆ ಹೆಚ್ಚು. ಅವರದು ಆಮೇಲೆ ಒಂದೂ ತಪ್ಪಲಿಲ್ಲ. "ಒತ್ತು... ಆಯ್ತು. ಒತ್ತು... ಆಯ್ತು." ಎರಡು ದಿನ ಶೆಡ್ಡಿನಲ್ಲಿ ಇದೇ ಮಾತು. ಬಳೆಯ ಸದ್ದಿರಲಿಲ್ಲ. ನಡುವೆ ಒಮ್ಮೆ ಕೇಳಿದರು: "ಯಾಕ್ ತಂಬಿ ಹಿಂಗಾಯ್ತು? ನಿಜವಾಗ್ಲೂ ನನ್ ಕೈಯಿಂದಾನಾ?"

"ಏನೋ ಅಕ್ಕ, ಒಂದೊಂದು ಬ್ಯಾಚು ಹಂಗೇ" ಎಂದೆ.

ಯಜಮಾನರು ಸಂಜೆ ನನ್ನ ಬೆನ್ನು ತಟ್ಟಿದರು. ಅಕ್ಕನಿಗೆ, "ಬಳೆ ಮಾತ್ರ ಇನ್ಮೇಲೆ ಬೇಡಮ್ಮ, ಸೇಫ್ಟಿ" ಎಂದರು. ಅಂದಿನಿಂದ ಬೆಳಗ್ಗೆ ಬಳೆ ಡಬ್ಬಿಯ ಮುಚ್ಚಳಕ್ಕೆ, ಸಂಜೆ ಬಸ್‌ಸ್ಟಾಪಿನಲ್ಲಿ ಮತ್ತೆ ಕೈಗೆ. ನಾನು ದೀಪವನ್ನು ಸದ್ದಿಲ್ಲದೆ ತೆಗೆದುಹಾಕಿ, ಬೆಸುಗೆಯಿಲ್ಲದೆ ಒತ್ತಿ ಹಿಡಿದರೆ ಸಾಕೆಂದು ಅಕ್ಕ ತೋರಿಸಿದ್ದನ್ನೇ ಅನುಸರಿಸಿ ಜಿಗ್ಗಿಗೆ ನಾಲ್ಕನೇ ಪಿನ್ನು ಕೂರಿಸಿದೆ. ಎರಡು ವರ್ಷದ ಮೇಲೆ ಬೇರೆ ಕಡೆ ಕೆಲಸ ಸಿಕ್ಕಿ ಸಿ.ವಿ. ರಾಮನ್ ನಗರಕ್ಕೆ ಬಂದೆ. ಸೆಲ್ವಿ ಅಕ್ಕ ವರ್ಷವರ್ಷ ಪೊಂಗಲ್ಲಿಗೆ ತಪ್ಪದೆ ಫೋನ್ ಮಾಡುತ್ತಾರೆ. ಮೊದಮೊದಲು ಮಗ, ಈಚೆಗೆ ಸೊಸೆ ಫೋನ್ ಹಚ್ಚಿ, "ಅತ್ತೆ ಮಾತಾಡ್ತಾರಂತೆ" ಎಂದು ಸ್ಪೀಕರಿಗೆ ಹಾಕುತ್ತಾರೆ. ವಯಸ್ಸಾದಂತೆ ಅಕ್ಕನಿಗೆ ಗತ್ತು ಬಂತಲ್ಲ ಎಂದು ನಾನು ನಗುತ್ತಿದ್ದೆ.

ಇನ್ನೊಂದು ವಿಷಯ. ನಕ್ಷೆ ಬಿಟ್ಟಿ ಕೊಟ್ಟ ಆ ಪುಣ್ಯಾತ್ಮರ ಋಣ ತೀರಿಸಲು ನಾನೂ ನನ್ನ ಜಿಗ್ಗಿನ ನಕ್ಷೆಯನ್ನು ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿ ಹಾಕಿದ್ದೆ. ಆ ಜನರಲ್ಲಿ ಒಂದು ಪದ್ಧತಿಯಿದೆ. ಏನು ತಿದ್ದಿದರೂ ಯಾಕೆ ತಿದ್ದಿದೆ ಎಂದು ಹೆಸರು ಹಾಕಿ ಬರೆಯುತ್ತಾರೆ, ಅಳಿಸಲಾಗದ ಹಾಗೆ. 'ಎರಡು ತಂತಿ ಅದಲುಬದಲು ಮಾಡಿದ್ದೆ, ನನ್ನದೇ ತಪ್ಪು, ಮೂರು ಬೋರ್ಡು ಸುಟ್ಟೆ' ಎಂದು ಗುರುತು ಪರಿಚಯವಿಲ್ಲದ ಲೋಕದ ಮುಂದೆ ಒಪ್ಪಿಕೊಳ್ಳುತ್ತಾರೆ. ನಾನು ಬರೆದದ್ದು: 'ನಾಲ್ಕನೇ ಪಿನ್ನು ಸೇರಿಸಲಾಗಿದೆ.' ಪಿನ್ನು ತಾನಾಗಿ ನಡೆದು ಬಂದು ಕೂತಿತೇನೋ ಅನ್ನುವ ಹಾಗೆ. ಹೋದ ತಿಂಗಳು ಅಪರಿಚಿತರೊಬ್ಬರು ಆ ಪುಟದಲ್ಲಿ ಬರೆದರು: 'ಈ ನಾಲ್ಕನೇ ಪಿನ್ನಿನಿಂದ ನಮ್ಮ ಬೋರ್ಡುಗಳೆಲ್ಲ ಉಳಿದವು. ಇದು ಯಾರಿಗೆ ಹೊಳೆದದ್ದು?' ಉತ್ತರ ಕೊಡದೆ ಮುಂದೂಡುತ್ತಲೇ ಇದ್ದೆ. ಭಾನುವಾರದ ಆ ವಾಸನೆ ಸುಮ್ಮನೆ ಕೂರಲು ಬಿಡಲಿಲ್ಲ. ಡ್ರಾಯರಿನಿಂದ ಕೆಂಪು ಚುಕ್ಕೆಯ ಪ್ರೋಬನ್ನೂ, ಆಗಿನ ಒಂದು ಬೋರ್ಡನ್ನೂ ತೆಗೆದುಕೊಂಡು ಸ್ಕೂಟರು ಹತ್ತಿದೆ. ಅಕ್ಕ ಈಗ ಮಗ ಸೊಸೆಯ ಜೊತೆ ರಾಮಮೂರ್ತಿ ನಗರದಲ್ಲಿದ್ದಾರೆ. ಅವರನ್ನು ಕೇಳಿ ಅಲ್ಲಿ ಅವರ ಹೆಸರು ಬರೆದುಬಿಡುವುದು, ಅಷ್ಟೇ ನನ್ನ ಉದ್ದೇಶ. ತಪ್ಪೊಪ್ಪಿಗೆಯ ಯೋಚನೆ ಇನ್ನೂ ಇರಲಿಲ್ಲ. ಅರ್ಧ ಪ್ರಾಮಾಣಿಕತೆಯಲ್ಲೇ ಪಾರಾಗುವ ಉಪಾಯ ಹೂಡಿದ್ದೆ.

ಅಕ್ಕನ ಕೂದಲು ಬೆಳ್ಳಗಾಗಿತ್ತು. ಕೈತುಂಬ ಅದೇ ಹಸಿರು ಬಳೆ. ಕಾಫಿ ತಂದಿಟ್ಟರು. ನಾನು ಬೋರ್ಡನ್ನು ಮುಂದೆ ಹಿಡಿದೆ. "ನೋಡಿ ಅಕ್ಕ, ನಿಮ್ಮ ಚುಕ್ಕೆ ಇನ್ನೂ ಇದೆ."

ಅವರ ಮುಖ ಅರಳಿತು. ಕೈ ಚಾಚಿದವರು ತಟ್ಟನೆ ಹಿಂದೆ ಎಳೆದುಕೊಂಡರು. "ಇರು" ಎಂದು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ವಾಪಸು ಬಂದಾಗ ಕೈಗಳು ಬೋಳಾಗಿದ್ದವು, ಮಣಿಕಟ್ಟಿನಲ್ಲಿ ಸೋಪಿನ ನೊರೆ. ಬಳೆಗಳನ್ನು ಕಿಟಕಿಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮಗುವನ್ನು ಇಸಿದುಕೊಳ್ಳುವವರಂತೆ ಎರಡೂ ಅಂಗೈ ಮುಂದೆ ಹಿಡಿದರು.

"ಈಗ ಕೊಡು. ನನ್ ಕೈಯಲ್ಲಿ ಕರೆಂಟ್ ಇದೆಯಲ್ಲಪ್ಪ. ಮನೇಲಿ ಟೀವಿ, ಫೋನು ಏನೂ ಮುಟ್ಟಲ್ಲ ನಾನು. ಹಾಳಾದ್ರೆ ಮಕ್ಳಿಗೆ ಕಷ್ಟ. ಎಲ್ಲಾ ಸೊಸೇನೇ ಮಾಡ್ಕೊಡ್ತಾಳೆ."

ಪೊಂಗಲ್ಲಿನ ಫೋನುಗಳೆಲ್ಲ ನನ್ನ ಕಿವಿಯಲ್ಲಿ ಒಟ್ಟಿಗೆ ಬಾರಿಸಿದವು. ಬೋರ್ಡು ಕೊಡಲಾಗಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡೇ ಎಲ್ಲವನ್ನೂ ಹೇಳಿದೆ. ದೀಪದ ಚಪಲ, ಮೂರೇ ಪಿನ್ನಿನ ಉಳಿತಾಯ, ಮಾರನೆಯ ಬೆಳಗ್ಗೆಯೇ ಗೊತ್ತಾಗಿದ್ದು, ಎರಡು ದಿನ ಎದುರಿಗೆ ಕೂತು ಬಾಯಿ ಬಿಡದೆ ಇದ್ದದ್ದು, ಈಗ ಆ ಪುಟದಲ್ಲಿ ಅವರ ಹೆಸರು ಹಾಕಲು ಬಂದದ್ದು. ಹೇಳುವಾಗ ಅವರ ಮುಖ ನೋಡುವ ಧೈರ್ಯವಿರಲಿಲ್ಲ, ಕಾಫಿ ಲೋಟ ನೋಡಿಕೊಂಡೇ ಹೇಳಿದೆ.

ಅಕ್ಕ ಆ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಅವತ್ತು ಕೇಳಿದ್ನಲ್ಲ ತಂಬಿ, ನನ್ ಕೈಯಿಂದಾನಾ ಅಂತ."

"ಹೌದು ಅಕ್ಕ."

"ಒಂಬತ್ತು ವರ್ಷ ನನ್ ಕೈಗೆ ನಾನೇ ಹೆದರ್ಕೊಂಡಿದೀನಿ." ದನಿ ಏರಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಎದ್ದು ಕಿಟಕಿಯ ಬಳಿ ನಿಂತು ಬಳೆಗಳನ್ನು ಒಂದೊಂದಾಗಿ ಏರಿಸಿಕೊಂಡರು. ಕೊನೆಯದು ಏರಿದ ಮೇಲೆ ನನ್ನ ಮಡಿಲಿನಿಂದ ಬೋರ್ಡನ್ನು ತಾವೇ ಎತ್ತಿಕೊಂಡು ಬೆಳಕಿಗೆ ಹಿಡಿದರು.

"ಹೆಸರು ಹಾಕಕ್ಕೆ ಬಂದೆ ಅಂದ್ಯಲ್ಲ, ಹಾಕು. ನನ್ ಎದುರಿಗೇ ಹಾಕು. ನಿನ್ ತಪ್ಪೂ ಬರಿ."

ಫೋನ್ ತೆಗೆದು ಆ ಪುಟ ತೆರೆದೆ. ನಾಲ್ಕನೇ ಪಿನ್ನು ಹೊಳೆದದ್ದು ಸೆಲ್ವಿಯವರಿಗೆ ಎಂದು ಬರೆದೆ. ಅದು ಬೇಕಾಗುವಂತೆ ತಪ್ಪು ಮಾಡಿ, ಅದನ್ನು ಅವರ ಕೈಯ ಮೇಲೆ ಹೊರಿಸಿ ಸುಮ್ಮನಿದ್ದವನು ನಾನು ಎಂದು ಬರೆದೆ. ಓದಿ ಹೇಳಿದೆ. "ಸರಿ" ಎಂದರು. ಬರೆದದ್ದನ್ನು ಆ ಪುಟಕ್ಕೆ ಒಪ್ಪಿಸಿದೆ. ಆ ಹೊತ್ತಿಗೆ ಫೋನಿನ ಬ್ಯಾಟರಿ ಮುಗಿಯುವುದಕ್ಕೆ ಬಂದು ಪರದೆ ಮಂಕಾಯಿತು.

"ಚಾರ್ಜಿಗೆ ಹಾಕ್ಬೇಕಾ?" ಎಂದವರು ಅಭ್ಯಾಸದಂತೆ ಒಳಕ್ಕೆ ತಿರುಗಿ ಸೊಸೆಯ ಹೆಸರು ಕೂಗಲು ಬಾಯಿ ತೆರೆದರು. ಕೂಗಲಿಲ್ಲ. ನನ್ನ ಕೈಯಿಂದ ಫೋನ್ ಇಸಿದುಕೊಂಡು, ಗೋಡೆಯ ಬಳಿ ಬಗ್ಗಿ, ತಂತಿಯ ತುದಿಯನ್ನು ಹಿಂದು ಮುಂದು ಮಾಡಿ ನೋಡಿ ಸಿಕ್ಕಿಸಿದರು. ಬಳೆಗಳು ಮೊಣಕೈ ಕಡೆಗೆ ಸರಿದು ಮತ್ತೆ ಮಣಿಕಟ್ಟಿಗೆ ಬಂದು ಬಿದ್ದವು. ಸ್ವಿಚ್ಚಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು.

"ಒತ್ತಿ ಅಕ್ಕ" ಎಂದೆ.