ಅಪ್ಪ ನನ್ನ ಬಾಯಿ ನೋಡಿದ್ದು

ನಮ್ಮಪ್ಪ ಕುರಿ ಕೊಳ್ಳುವಾಗ ಮೊದಲು ನೋಡುತ್ತಿದ್ದುದು ಬಾಯಿ, ಮೈಯೆಲ್ಲ ಆಮೇಲೆ. ಗದ್ದ ಹಿಡಿದು, ತುಟಿ ಸರಿಸಿ, ಹೆಬ್ಬೆರಳು ಆಡಿಸಿ, ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಎಂದು ವಯಸ್ಸು ಹೇಳಿಬಿಡುತ್ತಿದ್ದ. ಎಂಟೂ ಹಲ್ಲು ಬಂದಿದ್ದರೆ "ಬಾಯಿಗೂಡೇತಿ" ಅನ್ನುತ್ತಿದ್ದ. ಗಡಹಿಂಗ್ಲಜ ಸಂತೆಯಲ್ಲಿ ಅವನ ಈ ಮಾತಿಗೆ ಎದುರಾಡಿದವರನ್ನು ನಾನು ಕಂಡಿಲ್ಲ. ಅದೇ ಕೈ ಒಂದು ದಿನ ನನ್ನ ಗದ್ದ ಹಿಡಿದಾಗ ಮಾತ್ರ ನನಗೆ ಸಿಟ್ಟು ನೆತ್ತಿಗೇರಿತ್ತು.

ನಮ್ಮ ಮನೆತನದಲ್ಲಿ ಒಸಡಿನದೊಂದು ಕಥೆಯಿದೆ. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆಗೆ, ಚಿಕ್ಕಂದಿನಿಂದ ಒಸಡು ಹಲ್ಲನ್ನು ಮುಚ್ಚಿಕೊಂಡೇ ಬೆಳೆದಿತ್ತು. ಅವಳ ತಾಯಿಗೂ, ಅಂದರೆ ನನ್ನ ಅಜ್ಜಿಗೂ, ಹಾಗೇ ಇತ್ತಂತೆ. ಹೀಗಾಗಿ ಮದುವೆಯಾಗಿ ಇಚಲಕರಂಜಿಗೆ ಬಂದ ಮೇಲೆ ನನ್ನ ಒಸಡೂ ಉಬ್ಬತೊಡಗಿದಾಗ ಯಾರೂ ಬೆಚ್ಚಲಿಲ್ಲ. "ಅವರ ಸೋದರತ್ತಿ ಬಾಯಿ ಬಂದೇತಿ ಬಿಡ್ರಿ" ಎಂದು ಅವ್ವ ನನ್ನ ಗಂಡನ ಮನೆಯವರಿಗೆ ಸಮಾಧಾನ ಹೇಳಿದಳು. ರಕ್ತದಲ್ಲಿ ಬಂದದ್ದಕ್ಕೆ ಯಾವ ಮದ್ದು ಎಂದು ನಾನೂ ಸುಮ್ಮನಾದೆ.

ನಾನು ಕೆಲಸ ಮಾಡುವ ಮಗ್ಗದ ಶೆಡ್ಡಿನಲ್ಲಿ ಸದ್ದೋ ಸದ್ದು. ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ತುಟಿ ನೋಡಿಯೇ ತಿಳಿಯಬೇಕು. ನಾನೋ ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುವವಳು. ನೂಲು ಸುತ್ತುವ ಜೊತೆಗಾತಿಯರು ನನ್ನನ್ನು ಜಂಬದವಳು ಅಂದುಕೊಂಡು ಮಾತಾಡಿಸುವುದನ್ನೇ ಬಿಟ್ಟರು. ರೊಟ್ಟಿ ಕಡಿದರೆ ರಕ್ತ, ನಕ್ಕರೆ ನಾಚಿಕೆ. ಮೂವತ್ತು ತುಂಬುವ ಮೊದಲೇ ನಾನು ನಗುವುದನ್ನು ಮರೆತಿದ್ದೆ.

ಹೀಗಿರುವಾಗ ಒಂದು ಸಲ ನನ್ನ ಕೂಸನ್ನು ಎತ್ತಿಕೊಂಡು ಮಹಾಗಾಂವದ ತವರಿಗೆ ಹೋಗಿದ್ದೆ. ಕುರಿಮರಿಯೊಂದು ಅಪ್ಪನ ರುಮಾಲಿನ ತುದಿ ಅಗಿಯುತ್ತಿದ್ದುದನ್ನು ಕಂಡು ಮೈಮರೆತು ನಕ್ಕುಬಿಟ್ಟೆ. ಅಪ್ಪ ಎದ್ದು ಬಂದವನೇ ನನ್ನ ಗದ್ದ ಹಿಡಿದ.

"ನಾ ಏನ ಕುರಿನ, ಯಪ್ಪಾ?" ಎಂದು ಕೊಸರಿಕೊಂಡೆ.

"ಸುಮ್ನಿರು. ನಮ್ಮಕ್ಕಗ ಹಾಲಹಲ್ಲ ಬಿದ್ದ ಮ್ಯಾಲ ಹಲ್ಲ ನೆಟ್ಟಗ ಹೊರಗ ಬರಲೇ ಇಲ್ಲ. ನಿನ್ನ ಲಗ್ನದಾಗ ನಿನ್ನ ಬಾಯಿ ಭಾಳ ಚಂದ ಇತ್ತು, ನಾ ನೋಡೇನಿ. ಇದು ಹುಟ್ಟಿನಿಂದ ಬಂದದ್ದಲ್ಲ, ನಡುವ ಬಂದದ್ದು. ನಡುವ ಮತ್ತೇನ ಬಂತು ನಿನಗ?"

ಬಂದದ್ದು ಒಂದೇ. ಮದುವೆಯಾದ ವರ್ಷ ಎರಡು ಸಲ ಫಿಟ್ಸ್ ಬಂದು ಬಿದ್ದಿದ್ದೆ. ಅಂದಿನಿಂದ ದಿನವೂ ಗುಳಿಗೆ ನುಂಗುತ್ತಿದ್ದೆ.

ಅದನ್ನು ಹೇಳುತ್ತಲೇ, ನನ್ನ ಬಾಯಿ ಕೆಡಿಸಿದ್ದು ಈ ಗುಳಿಗೆಯೇ ಎನಿಸಿ ಎಲ್ಲಿಲ್ಲದ ರೋಷ ಬಂತು. ಚೀಲದಲ್ಲಿದ್ದ ಗುಳಿಗೆಯ ಪಟ್ಟಿಯನ್ನು ತೆಗೆದು ತಿಪ್ಪೆಗೆ ಎಸೆದೆ. ಅಪ್ಪ ಕೋಲೂರಿಕೊಂಡು ಹೋಗಿ, ಗೊಬ್ಬರದಲ್ಲಿ ಹುಡುಕಿ, ಧೋತರಕ್ಕೆ ಒರೆಸಿ ತಂದು ನನ್ನ ಕೈಗಿಟ್ಟ.

"ಇದನ್ನ ಬಿಟ್ರ ಹಲ್ಲೇನೋ ಉಳೀತಾವ. ನೀ ಉಳೀಬೇಕಲ್ಲಾ? ಒಲಿ ಮುಂದ ಬಿದ್ದಿ ಅಂದ್ರ ಈ ಕೂಸಿನ ಗತಿ ಏನ? ಮೊದಲ ಡಾಕ್ಟರನ್ನ ಕೇಳೂಣು."

ಮರುದಿನ ಕೊಲ್ಹಾಪುರದ ಬಸ್ಸು ಹತ್ತಿದೆವು. ನರರೋಗದ ಡಾಕ್ಟರು ಮರಾಠಿಯಲ್ಲಿ ಕೇಳಿದ್ದಕ್ಕೆಲ್ಲ ಅಪ್ಪನೇ ಉತ್ತರ ಕೊಟ್ಟ: ಲಗ್ನದಲ್ಲಿ ಹೇಗಿತ್ತು, ಕೂಸು ಹುಟ್ಟಿದಾಗ ಹೇಗಿತ್ತು, ಅಕ್ಕನದು ಹೇಗೆ ಬೇರೆ. ಅವರು ಪೆನ್ನು ಕೆಳಗಿಟ್ಟು, "ಮಾಮಾ, ತುಮ್ಹೀ ಬರೋಬರ್ ಓಳಖಲಂತ್" ಎಂದರು, ಸರಿಯಾಗಿ ಗುರುತಿಸಿದಿರಿ ಎಂದು. ನಾನು ನುಂಗುತ್ತಿದ್ದ ಗುಳಿಗೆಯಿಂದ ಕೆಲವರಿಗೆ ಒಸಡು ಬೆಳೆಯುತ್ತದಂತೆ. ಆದರೆ ತಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು. ಹೊಸ ಗುಳಿಗೆ ಏರಿಸುತ್ತ, ಹಳೆಯದನ್ನು ಇಳಿಸುತ್ತ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಬದಲಿಸಿದರು. ಗಡಹಿಂಗ್ಲಜದ ಹಲ್ಲಿನ ಡಾಕ್ಟರು ಹಲ್ಲಿಗೆ ಕಟ್ಟಿದ ಕಿಟ್ಟ ತೆಗೆದು, ಸರಿಯಾಗಿ ಹಲ್ಲುಜ್ಜುವುದನ್ನು ಕಲಿಸಿ, ಆಮೇಲೂ ಇಳಿಯದೆ ಉಳಿದ ಒಸಡನ್ನು ಕತ್ತರಿಸಿದರು. ಫಿಟ್ಸ್ ತಿರುಗಿ ಬರಲಿಲ್ಲ. ತಿಪ್ಪೆಗೆ ಎಸೆದ ಆ ಹಳೆಯ ಗುಳಿಗೆಗೂ ನಾನು ಋಣಿ. ಬಾಯಿ ಕೆಡಿಸಿದರೂ ಅಷ್ಟು ವರ್ಷ ನನ್ನನ್ನು ಬೀಳಗೊಡದೆ ಕಾಪಾಡಿದ್ದು ಅದೇ.

ಸೋದರತ್ತೆಯನ್ನೂ ಅದೇ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆ. ಅವಳದು ಹುಟ್ಟಿನದೇ, ಕತ್ತರಿಸಿದರೂ ಮತ್ತೆ ಬೆಳೆಯಬಹುದು ಎಂದರು. "ಬೆಳದ್ರ ಬೆಳೀಲಿ ಬಿಡ್ರಿ. ಅಲ್ಲೀತನಕ ಶೇಂಗಾ ಕಡೀತೇನಿ" ಎಂದು ಕತ್ತರಿಸಿಕೊಂಡೇ ಬಿಟ್ಟಳು ನಮ್ಮ ಮುದುಕಿ. ಈಗ ಅವಳ ಚೀಲದಲ್ಲಿ ಎಲೆ ಅಡಿಕೆ ಇರದಿದ್ದರೂ ಶೇಂಗಾ ಇರುತ್ತದೆ.

ಮಗ್ಗದ ಸದ್ದಿನಲ್ಲಿ ಈಗ ನನ್ನಷ್ಟು ಹರಟೆ ಹೊಡೆಯುವವರು ಇನ್ನೊಬ್ಬರಿಲ್ಲ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ಸಂತೆಗೆ ಹೋಗುವುದನ್ನು ಬಿಟ್ಟಿದ್ದಾನೆ. ತವರಿಗೆ ಹೋದಾಗ ನಾನೇ ಅವನ ಮುಂದೆ ಕೂತು, ಅವನ ಕೈ ಹಿಡಿದು ನನ್ನ ಗದ್ದಕ್ಕೆ ಇಟ್ಟುಕೊಳ್ಳುತ್ತೇನೆ. ಹೆಬ್ಬೆರಳು ಹಲ್ಲಿನ ಸಾಲಿನುದ್ದಕ್ಕೂ ನಿಧಾನವಾಗಿ ಹೋಗುತ್ತದೆ.

"ಬಾಯಿಗೂಡೇತಿ" ಅನ್ನುತ್ತಾನೆ. ಆಮೇಲೆ ಕೈ ತೆಗೆಯದೆಯೇ ಕೇಳುತ್ತಾನೆ, "ಇವತ್ತಿನ ಗುಳಿಗಿ ತಗೊಂಡ್ಯಾ?"