ಬ್ಯಾಟರಿಗೆ ಹಚ್ಚಿದ ಈಬತ್ತಿ

ಕೀಲಿ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು. ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು 'ಟಕ್'. ಬಾಜು ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮೂರು ವರ್ಷದ ಕೂಸು. ಅದು ಉಸಿರೆಳೆದಾಗಲೆಲ್ಲ ಎದೆಯಿಂದ ಸಿಳ್ಳೆಯಂಥ ಸಪ್ಪಳ. ಕಳೆದ ವಾರ ಈ ಎರಡು ಸಪ್ಪಳಗಳ ನಡುವೆ ನಾನು ಅರ್ಧ ತಾಸು ನಿಂತಿದ್ದೆ. ಅಂಥ ಅರ್ಧ ತಾಸು ನನ್ನ ವೈರಿಗೂ ಬೇಡ.

ಮೊದಲಿನಿಂದ ಹೇಳುತ್ತೇನೆ. ಸಂಶಿಯಿಂದ ಸ್ವಲ್ಪ ಒಳಗಿರುವ ಹಳ್ಳಿ ನನ್ನ ಹೆಂಡತಿಯ ತವರು. ಅವಳ ತಮ್ಮ ಬಸಣ್ಣನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿ ಇದೆ. ಗುಡಗೇರಿ ಸಂತೆಯ ದಿನ ಕಾಳು ಹೇರುತ್ತದೆ, ಉಳಿದ ದಿನ ಓಣಿಯ ನಾಯಿಗಳಿಗೆ ನೆರಳು ಕೊಡುತ್ತದೆ. ಅದರ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ಬಸಣ್ಣ ಹುಬ್ಬಳ್ಳಿಯಿಂದ ಹೊಸದು ತಂದಿದ್ದ. ರವಿವಾರ ಮುಂಜಾನೆ ತಾನೇ ಕೂಡಿಸಲು ನಿಂತ.

ಇನ್ನೇನು ವೈರು ಬಿಗಿಯಬೇಕು, ನಮ್ಮ ಅತ್ತೆ ನೀಲವ್ವ ವಿಭೂತಿಯ (ಅವರ ಬಾಯಲ್ಲಿ ಈಬತ್ತಿ) ಬಟ್ಟಲು ಹಿಡಿದು ಬಂದರು.

"ತಡಿಯೋ. ಹೊಸಾದು ಮನಿಗೆ ಬಂದರ ಹಂಗ ಕೂಡಸ್ತಾರೇನು?"

ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಬ್ಯಾಟರಿಯ ಹೊಟ್ಟೆಗೆ ಎಳೆದರು. ಮೇಲಿದ್ದ ಎರಡು ಸೀಸದ ಗೂಟಗಳಿಗೂ ದಪ್ಪಗೆ ಬಳಿದರು. ಬಸಣ್ಣ ಕೈ ಮುಗಿದು, ಅದರ ಮೇಲೆಯೇ ವೈರಿನ ಕ್ಲಿಪ್ಪು ಬಿಗಿದ. ಚಾಲೂ ಮಾಡಿ ನೋಡುವ ಮೊದಲೇ ಊಟಕ್ಕೆ ಕರೆ ಬಂತು.

(ನಗಬೇಡಿ. ನಮ್ಮ ಆಫೀಸಿನ ಟೈಪ್‌ರೈಟರಿನ ಸಂದಿಯಲ್ಲಿ ಹೋದ ದಸರೆಯ ಕುಂಕುಮ ಇನ್ನೂ ಇದೆ. ಒರೆಸುವ ಧೈರ್ಯ ಮ್ಯಾನೇಜರಿಗೂ ಇಲ್ಲ.)

ಊಟವಾದ ಮೇಲೆ ಬಸಣ್ಣನ ಮಗಳು ಶಾಂತಾ ಬಾಯಿತುಂಬ ಹುರಿದ ಶೇಂಗಾ ಹಾಕಿಕೊಂಡು ನಗುತ್ತ ಓಡಿದಳು, ಎಡವಿ ಬಿದ್ದಳು. ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಆ ಸಿಳ್ಳೆ ಶುರುವಾಯಿತು. ಊರಿನ ಡಾಕ್ಟರು ಎದೆಗೆ ಕಿವಿಯಿಟ್ಟು ಕೇಳಿದರು.

"ಶೇಂಗಾ ಉಸಿರಿನ ನಳಿಗ್ಯಾಗ ಹೋಗೇತ್ರಿ. ನನ್ನ ಕೈಲಿ ಆಗೂದಲ್ಲ. ಈಗಿಂದೀಗ ಹುಬ್ಬಳ್ಳಿಗೆ ಒಯ್ಯಿರಿ."

ಬಸ್ಸು ಹೋಗಿಬಿಟ್ಟಿತ್ತು. ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಆದರೇನಂತೆ, ಮನೆ ಮುಂದೆ ಗಾಡಿಯಿದೆ, ಅದರಲ್ಲಿ ಹೊಚ್ಚ ಹೊಸ ಬ್ಯಾಟರಿಯಿದೆ!

ಟಕ್.

ನೂಕಿ ಚಾಲೂ ಮಾಡೋಣವೆಂದರೆ ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಗಾಲಿಯನ್ನು ಹಿಡಿದರೆ ಬಿಡುತ್ತದೆಯೇ? ಓಣಿಯ ಗಂಡಸರೆಲ್ಲ ಹೆಗಲು ಕೊಟ್ಟರೂ ಗಾಡಿ ಗೇಣುದ್ದ ಸರಿದು ಮತ್ತೆ ಕೂತಿತು. ನಾನೂ ಕೈ ಹಚ್ಚಲು ಹೋದೆ. "ನೀವು ಬಿಡ್ರಿ ಮಾಮಾ, ಅರಿವಿ ಹೊಲಸಾಗ್ತಾವ" ಎಂದ ಬಸಣ್ಣ. (ಅಂಥ ಹೊತ್ತಿನಲ್ಲೂ ಮನೆ ಅಳಿಯನ ಪಂಚೆಯ ಚಿಂತೆ!) ಮುಂದಿನಿಂದ ತಿರುವುವ ಹ್ಯಾಂಡಲ್ ಯಾರೋ ಗೆಳೆಯ ಒಯ್ದವನು ತಂದುಕೊಟ್ಟಿರಲಿಲ್ಲ.

ಒಬ್ಬ ಪೆಟ್ರೋಲ್ ಇಲ್ಲ ಅಂದ. ಇತ್ತು. ಇನ್ನೊಬ್ಬ ಸೆಲ್ಫ್ ಸ್ಟಾರ್ಟರ್ ಸುಟ್ಟಿದೆ ಅಂದ. ಬಸಣ್ಣ ಸ್ಪ್ಯಾನರಿನಿಂದ ಅದನ್ನು ಕುಟ್ಟಿ ನೋಡಿದ. ದೀಪ ಹಚ್ಚಿದರೆ ಹತ್ತುತ್ತಿತ್ತು, ಕೀಲಿ ತಿರುಗಿಸಿದೊಡನೆ ಆರಿಹೋಗುತ್ತಿತ್ತು. ಅದನ್ನು ಕಂಡ ಬಸಣ್ಣ ಬಾನೆಟ್ಟಿನೊಳಗೆ ಬಾಗಿದ. ಅವನ ಕೈ ಬ್ಯಾಟರಿಯ ಕ್ಲಿಪ್ಪಿನ ತನಕ ಹೋಯಿತು, ತಾಯಿಯ ಕಡೆ ನೋಡಿ ಹಿಂದೆ ಬಂತು. ಮತ್ತೆ ಹೋಗಿ ಪೆಟ್ರೋಲ್ ನಳಿಗೆ ಮುಟ್ಟಿದ. ಸ್ವಲ್ಪ ಹೊತ್ತಿಗೆ ಮುಂಚೆ ನೋಡಿದ್ದ ನಳಿಗೆಯನ್ನೇ ಇನ್ನೊಮ್ಮೆ ಯಾಕೆ ನೋಡುತ್ತಾನೆ? ನನಗೆ ಗಾಡಿಯ ವಿದ್ಯೆ ತಿಳಿಯದು. ಆದರೆ ಆ ಕೈ ಹಿಂದೆ ಬಂದದ್ದು ಕಣ್ಣಿಗೆ ಬಿತ್ತು.

ಕೂಸಿನ ತುಟಿ ಬಣ್ಣಗೆಡುತ್ತಿತ್ತು. ಅದರ ತಾಯಿ ಕಸ್ತೂರಿ ಅಳುವುದನ್ನೂ ಬಿಟ್ಟು ಗಂಡನ ಮುಖವನ್ನೇ ನೋಡುತ್ತಿದ್ದಳು.

ಆಗ ನೀಲವ್ವ ಮತ್ತೆ ಬಟ್ಟಲು ತಂದರು. ಪೂಜೆಯಲ್ಲಿ ಏನೋ ಕಡಿಮೆಯಾಗಿದೆ ಅಂತ ಅವರ ಲೆಕ್ಕ. ಇನ್ನಷ್ಟು ಬಳಿಯಲು ಬೆರಳು ಅದ್ದಿದರು.

"ಯವ್ವಾ, ಬ್ಯಾಡ..." ಎಂದ ಬಸಣ್ಣ. ಆ ಮನೆಯಲ್ಲಿ ಈಬತ್ತಿ ಒರೆಸಿದವರನ್ನು ಯಾರೂ ಕಂಡಿಲ್ಲ. ಅದೂ ಕೂಸಿನ ಜೀವ ಹೀಗಿರುವಾಗ?

ನೀಲವ್ವ ಮಗನ ಮುಖ ನೋಡಿದರು. ಬ್ಯಾಟರಿ ನೋಡಿದರು.

"ಈಬತ್ತಿ ಅಡ್ಡ ಬಂದೈತೇನು?"

ಬಸಣ್ಣ ತಲೆ ತಗ್ಗಿಸಿದ.

"ಬಿಚ್ಚು."

ಅವನು ಕ್ಲಿಪ್ಪು ಬಿಚ್ಚಿದ. ಗೂಟದ ಮೇಲೆ ವಿಭೂತಿ ಒಣಗಿ, ಕರೆಂಟು ಸರಿಯಾಗಿ ಹಾಯದಂತೆ ಸುಣ್ಣದ ಹಾಗೆ ಕೂತಿತ್ತು. ಅವನು ಅರಿವೆ ಹುಡುಕುವ ಮೊದಲೇ ನೀಲವ್ವ ಸೆರಗು ಹಿಡಿದು ಗಸಗಸ ತಿಕ್ಕಿದರು. ಬಸಣ್ಣ ಚಾಕುವಿನಿಂದ ಕೆರೆದು ಮತ್ತೆ ಬಿಗಿದ. ಕೀಲಿ ತಿರುಗಿಸಿದ. ಗಾಡಿ ಒಮ್ಮೆಲೇ ಗುಡುಗಿತು. ಇಂಜಿನ್ನಿನ ಜೋರಿಗೆ, ಹಿಂದಿನಿಂದ ನೂಕಿದ ಹೆಗಲುಗಳಿಗೆ, ಎರೆಮಣ್ಣೂ ಗಾಲಿ ಬಿಟ್ಟಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಳಿಗೆ ಇಳಿಸಿ ಶೇಂಗಾ ತೆಗೆದರು. ಅರ್ಧ ಬೇಳೆ. "ಇನ್ನಷ್ಟು ತಡವಾಗಿದ್ದರೆ..." ಅಂದರು ಡಾಕ್ಟರು. ಶಾಂತಾ ಈಗ ಆರಾಮಾಗಿದ್ದಾಳೆ. ಮೊನ್ನೆ ಮತ್ತೆ ಶೇಂಗಾ ಕೇಳಿದಳಂತೆ.

ನಮ್ಮ ಮನೆಗಳಲ್ಲಿ ಹೀಗೆ ನುಂಗಿಕೊಂಡ ಮಾತುಗಳು ಎಷ್ಟಿಲ್ಲ? ಅಪ್ಪನಿಗೆ ಕಣ್ಣು ಕಾಣುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಅವರು ಸೈಕಲ್ ಹೊಡೆಯುತ್ತಾರೆ. ಹೇಳುವವರು ಯಾರು? ಹಿರಿಯರಿಗೆ ಮರ್ಯಾದೆ ಕೊಡುತ್ತಿದ್ದೇವೆ ಅಂತ ನಾವು ತಿಳಿದಿರುತ್ತೇವೆ. ಕೊಡುತ್ತಿರುವುದು ಮರ್ಯಾದೆಯೋ, ಅವರಿಗೆ ತಿಳಿವಳಿಕೆ ಇಲ್ಲವೆಂಬ ಸರ್ಟಿಫಿಕೇಟೋ?

ಮೊನ್ನೆ ಕೂಸನ್ನು ನೋಡಲು ಮತ್ತೆ ಹೋಗಿದ್ದೆ. ನೀಲವ್ವನ ಸೆರಗಿನಲ್ಲಿ ಸಣ್ಣ ಸಣ್ಣ ತೂತು ಬಿದ್ದಿದ್ದವು. ಬ್ಯಾಟರಿಯ ಆ್ಯಸಿಡ್ ತಿಂದದ್ದು. ತೂತಿನಲ್ಲಿ ಬೆರಳಾಡಿಸುತ್ತ ಅವರು ಮಗನನ್ನು ಕೇಳಿದರು:

"ನಿನಗ ಮೊದಲ ತಿಳದಿತ್ತಲ್ಲಾ?"

"ಹ್ಞೂಂ."

"ಮತ್ಯಾಕ ಹೇಳಲಿಲ್ಲ?"

"ನೀ ಬ್ಯಾಸರ ಮಾಡ್ಕೋತಿ ಅಂತ."

ನೀಲವ್ವ ಸೆರಗು ಕೆಳಗೆ ಬಿಟ್ಟರು.

"ಕೂಸು ಹೋಗಿದ್ದರ ಬ್ಯಾಸರ ಆಗ್ತಿದ್ದಿಲ್ಲೇನಪಾ ನನಗ?"