ಪರದೆಯ ವಿಧವೆ, ನಮ್ಮ ಬೀದಿಯ ವಿಧವೆ

ಅಮಾವಾಸ್ಯೆ ದಿನ ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಸಿನಿಮಾ ನೋಡುವುದಿದ್ದರೆ ಅಂದೇ. ಹೋದ ವರ್ಷ ಅಂಥ ಒಂದು ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಒಂದೇ ಸಾಲಿನಲ್ಲಿ ಕೂತು ಒಂದು ತಮಿಳು ಚಿತ್ರ ನೋಡಿದೆವು. ಐವತ್ತು ದಾಟಿದ ವಿಧವೆಯೊಬ್ಬಳು ತನಗಿಂತ ಚಿಕ್ಕವನಾದ ಲಾರಿ ಡ್ರೈವರನ್ನು ಮದುವೆಯಾಗುವ ಕಥೆ. ಅಡ್ಡ ಬಂದ ಮೈದುನನ ಕಪಾಳಕ್ಕೆ ಅವಳು ಬಾರಿಸಿದಾಗ ನಮ್ಮ ಸಾಲು ಶಿಳ್ಳೆ ಹೊಡೆಯದಿದ್ದದ್ದೇ ಹೆಚ್ಚು. ತಾಳಿ ಕಟ್ಟುವಾಗ ನನ್ನ ಅಮ್ಮ ಸೆರಗು ಒದ್ದೆಯಾಗುವಷ್ಟು ಅತ್ತಳು.

ಅಮ್ಮನ ಪಕ್ಕದಲ್ಲಿ ಅವಳ ತಂಗಿ, ನನ್ನ ಚಿಕ್ಕಮ್ಮ, ಕೂತಿದ್ದಳು. ಗಂಡ ಸತ್ತು ಹದಿನಾಲ್ಕು ವರ್ಷ, ಮಕ್ಕಳಿಲ್ಲ, ಒಬ್ಬಳೇ ಒಂದು ಮಗ್ಗ ನಡೆಸುತ್ತಿದ್ದಳು. ನಮ್ಮ ಕಣ್ಣೀರನ್ನು ಅವಳು ನಂಬಿದಳು. ಅವಳು ಮಾಡಿದ ತಪ್ಪು ಅದೊಂದೇ. ಬಸ್ಸಿಗೆ ಕಾಯುವಾಗ ಅಮ್ಮನ ಕೈ ಹಿಡಿದು ಹೇಳಿದಳು: "ಅಕ್ಕ, ನಂಗೂ ಒಬ್ರು ಅವ್ರೆ. ನೂಲಿಗೆ ಬಣ್ಣ ಹಾಕೋರು. ಕೇಳವ್ರೆ, ನಾನು ಊಂ ಅಂದಿವ್ನಿ."

ಅಮ್ಮ ಕೈ ಬಿಡಿಸಿಕೊಂಡಳು. ಆ ಮನುಷ್ಯ ಮೆಟ್ಟೂರಿನವರು, ಹೆಂಡತಿ ಸತ್ತವರು, ಚಿಕ್ಕಮ್ಮನಿಗಿಂತ ಚಿಕ್ಕವರು, ನಮ್ಮ ಜಾತಿಯವರಲ್ಲ. ಮರುದಿನ ಮಗ್ಗಗಳು ಸದ್ದು ಮಾಡುವ ಮೊದಲೇ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡ ಅದೇ ಹೆಂಗಸರು, ಈ ವಯಸ್ಸಲ್ಲಿ ಇದೇನು ಕೇಡುಗಾಲ ಎಂದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಟಿಕೆಟ್ ತಗೊಂಡು ಅಳುವುದಕ್ಕೆ ಬರುತ್ತದೆ, ಪಕ್ಕದ ಮನೆಯವಳು ಸುಖವಾಗಿರುವುದನ್ನು ಸಹಿಸುವುದಕ್ಕೆ ಬರುವುದಿಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಜಗಳಕ್ಕೆ ಯಾರೂ ಹೋಗಲಿಲ್ಲ. ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಮಗ್ಗಕ್ಕೆ ಏರಿಸುವ ಮುಂಚೆ ಹಾಸು, ಅಂದರೆ ಸೀರೆಯ ಉದ್ದದ ನೂಲನ್ನು, ಬೆಳಗಿನ ಜಾವ ಬೀದಿಯುದ್ದ ಗೂಟಗಳಿಗೆ ಬಿಗಿದು ಗಂಜಿ ಹಚ್ಚುತ್ತೇವೆ. ಬಿಸಿಲೇರುವುದರೊಳಗೆ ಬ್ರಷ್ ಎಳೆದು ಎಳೆ ಬಿಡಿಸದಿದ್ದರೆ ಎಲ್ಲಾ ಅಂಟಿಕೊಂಡು ಹಾಳು. ಅದಕ್ಕೆ ಹತ್ತು ಕೈ ಬೇಕು. ಯಾರನ್ನೂ ಕರೆಯುವುದಿಲ್ಲ, ಗೂಟ ನೆಟ್ಟದ್ದು ಕಂಡರೆ ಬರುವುದು ಬೀದಿಯ ಪದ್ಧತಿ. ಇಷ್ಟು ವರ್ಷದಲ್ಲಿ ಚಿಕ್ಕಮ್ಮ ಯಾರ ಮನೆಯ ಹಾಸಿನ ಕೆಲಸಕ್ಕೂ ತಪ್ಪಿಸಿದವಳಲ್ಲ. ಆ ವಾರ ಒಂದು ಬೆಳಿಗ್ಗೆ ಅವಳ ಗೂಟ ಕಂಡು ಒಂದೊಂದೇ ಬಾಗಿಲು ಮುಚ್ಚಿಕೊಂಡಿತು.

ನಾನು ಚಪ್ಪಲಿ ಮೆಟ್ಟಿಕೊಂಡೆ. ನನ್ನ ಜೊತೆಯಲ್ಲೇ ಇರುವ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅದು ಸಿನಿಮಾ ಪಡಂ ಕಣೇ, ಇದು ಬೀದಿ. ನಾಳಿದ್ದು ಎಡಪ್ಪಾಡಿಯೋರು ನಿನ್ ಮಗಳ್ನ ನೋಡಕ್ಕೆ ಬತ್ತಾವ್ರೆ. ಓಗು ನೋಡಾಣ."

ಚಪ್ಪಲಿ ಬಿಟ್ಟೆ. ಕಿಟಕಿಯಲ್ಲಿ ನಿಂತು ನೋಡಿದೆ. ಆ ಮನುಷ್ಯ ಒಂದು ತುದಿಯಲ್ಲಿ, ಚಿಕ್ಕಮ್ಮ ಇನ್ನೊಂದು ತುದಿಯಲ್ಲಿ; ಇಬ್ಬರೇ ಓಡಾಡಿ ಬ್ರಷ್ ಎಳೆಯುತ್ತಿದ್ದರು. ಬಿಸಿಲು ಅವರಿಗಾಗಿ ಕಾಯಲಿಲ್ಲ. ಅಮ್ಮ ಸ್ನಾನಕ್ಕೆ ಹೋದಾಗ ನಾನು ಹೊರಗೋಡಿದೆ. ಅಷ್ಟರಲ್ಲಿ ನೂಲು ಪೊರಕೆ ಕಡ್ಡಿಯ ಹಾಗೆ ಸೆಟೆದಿತ್ತು. ಚಿಕ್ಕಮ್ಮ ಕತ್ತರಿಯಿಂದ ಅದನ್ನು ಕತ್ತರಿಸುತ್ತಿದ್ದಳು.

"ಒಣಗೋಯ್ತು ಮಗಾ," ಎಂದಳು. "ನೀನು ಒಳಕ್ಕೋಗು. ಮಗಳ ಮದುವೆ ಐತೆ, ಯಾರಾದ್ರೂ ನೋಡ್ಬುಟ್ಟಾರು."

ಆ ತಿಂಗಳೇ ಮಗ್ಗ ಮಾರಿ ಮೆಟ್ಟೂರಿಗೆ ಹೋಗಿ ಮದುವೆಯಾದಳು. ಬೀದಿಯ ಮೇಲೆ ಇಷ್ಟೆಲ್ಲ ಸಿಟ್ಟಿರುವ ನಾನು, ಆ ಬೆಳಿಗ್ಗೆ ಅವಳು ಹೇಳಿದ್ದೇ ತಡ ಒಳಕ್ಕೆ ಹೋದೆ.